ರಾತ್ರಿ ರೈಲಿನ ಸ್ಲೀಪರ್ ಬೋಗಿ: ಹತ್ತು ಗಂಟೆಯೊಳಗೆ ಮುಗಿಸಬೇಕಾದ ಕೆಲಸಗಳು

ರೈಲ್ವೆ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಲಗುವ ಹೊತ್ತು. 2017ಕ್ಕೆ ಮುಂಚೆ ಅದು 9ಕ್ಕೇ ಶುರುವಾಗುತ್ತಿತ್ತು. ರಾಣಿ ಚೆನ್ನಮ್ಮ, ಬಸವ, ಗೋಲ್‌ಗುಂಬಜ್, ಹಂಪಿ, ಪಂಚಗಂಗಾ, ಯಾವ ಗಾಡಿಯೇ ಇರಲಿ, ದೀಪ ಆರಿದ ಮೇಲೆ ಬ್ಯಾಗು ಬಿಚ್ಚಿ ಹೊದಿಕೆ ಹುಡುಕುವುದು, ಚೈನು ತೂರಿಸುವ ಕೊಂಡಿಗಾಗಿ ಸೀಟಿನಡಿ ತಡಕಾಡುವುದು, ಬರ್ತ್ ವಿಷಯಕ್ಕೆ ಚರ್ಚೆಗಿಳಿಯುವುದು ಎಲ್ಲವೂ ಎರಡು ಪಟ್ಟು ಕಷ್ಟ. ಗಾಡಿ ಹೊರಡುವುದೇ 11ರ ಮೇಲಾದರೆ ಈ ಕೆಲಸಗಳಿಗೆಲ್ಲ ಸಿಗುವುದು ಹತ್ತಿದ ಮೊದಲ ಕಾಲು ಗಂಟೆ ಮಾತ್ರ. ಮುಂದೆ ಹೇಳಿರುವುದು ಮುಖ್ಯವಾಗಿ ಎಸಿ ಇಲ್ಲದ ಸ್ಲೀಪರ್ ಬೋಗಿಗೆ. ತ್ರೀ ಟಯರ್ ಎಸಿಗೂ ಹೆಚ್ಚಿನದು ಹೊಂದುತ್ತದೆ.

ಟಿಕೆಟ್ ಮಾಡಿಸುವಾಗ

ಮೊದಲು ತಾರೀಖು ನೋಡಿ. 13ರ ರಾತ್ರಿ ಊಟ ಮುಗಿಸಿ ಸ್ಟೇಷನ್ನಿಗೆ ಹೋಗಿ 12.20ರ ಗಾಡಿ ಹತ್ತಬೇಕೆಂದರೆ ಟಿಕೆಟ್ 14ನೇ ತಾರೀಖಿಗೆ ಇರಬೇಕು. ಬೆಂಗಳೂರನ್ನು ತಡರಾತ್ರಿ ಬಿಡುವ ಗಾಡಿ ತುಮಕೂರು, ಅರಸೀಕೆರೆ ಮುಟ್ಟುವಷ್ಟರಲ್ಲಿ ದಿನ ಬದಲಾಗಿರುತ್ತದೆ. ಹಾಗಾಗಿ ನಡುವಿನ ಸ್ಟೇಷನ್ನಿನಲ್ಲಿ ಹತ್ತುವವರೇ ಹೆಚ್ಚಾಗಿ ಎಡವುತ್ತಾರೆ. ಒಂದು ದಿನ ತಡವಾಗಿ ಹೋದರೆ ಆ ಟಿಕೆಟ್ಟಿಗೆ ಬೆಲೆಯಿಲ್ಲ.

ಎರಡನೆಯದು ಸ್ಟೇಷನ್. ಬೆಂಗಳೂರಿನಲ್ಲಿ ಕೆಎಸ್‌ಆರ್ (ಮೆಜೆಸ್ಟಿಕ್), ಯಶವಂತಪುರ, ದಂಡು, ಬೈಯಪ್ಪನಹಳ್ಳಿಯ ಎಸ್‌ಎಂವಿಟಿ ಇವೆಲ್ಲ ಬೇರೆ ಬೇರೆ ಮೂಲೆಯಲ್ಲಿವೆ. ಮಂಗಳೂರಿನಲ್ಲಿ ಸೆಂಟ್ರಲ್ಲೇ ಬೇರೆ, ಜಂಕ್ಷನ್ನೇ ಬೇರೆ. ಟಿಕೆಟ್ಟಿನಲ್ಲಿ ‘ಬೋರ್ಡಿಂಗ್’ ಎಂದು ಬರೆದಿರುವ ಸ್ಟೇಷನ್ನಿನಲ್ಲೇ ಹತ್ತಿ. ಅಲ್ಲಿ ನೀವು ಕಾಣದಿದ್ದರೆ ಟಿಟಿ ನಿಮ್ಮ ಬರ್ತನ್ನು ಆರ್‌ಎಸಿಯವರಿಗೆ, ಅಂದರೆ ಕೂರಲು ಸೀಟು ಮಾತ್ರ ಸಿಕ್ಕು ಬರ್ತ್‌ಗೆ ಕಾಯುತ್ತಿರುವವರಿಗೆ, ಕೊಡಬಹುದು.

ಬರ್ತ್ ಯಾವುದೆಂದು ತಿಳಿಯಲು ನಂಬರನ್ನು 8ರಿಂದ ಭಾಗಿಸಿ. ಶೇಷ 1 ಅಥವಾ 4 ಬಂದರೆ ಲೋಯರ್, 2 ಅಥವಾ 5 ಬಂದರೆ ಮಿಡಲ್, 3 ಅಥವಾ 6 ಬಂದರೆ ಅಪ್ಪರ್, 7 ಬಂದರೆ ಸೈಡ್ ಲೋಯರ್, ಏನೂ ಉಳಿಯದಿದ್ದರೆ ಸೈಡ್ ಅಪ್ಪರ್. 43 ಎಂದರೆ ಶೇಷ 3, ಅಪ್ಪರ್. ಹಳೆಯ ಐಸಿಎಫ್ ಮಾದರಿಯ ಸ್ಲೀಪರ್ ಬೋಗಿಯಲ್ಲಿ 72 ಬರ್ತ್, ಹೊಸ ಎಲ್‌ಎಚ್‌ಬಿ ಮಾದರಿಯದರಲ್ಲಿ 80. ಎರಡರಲ್ಲೂ ಮೊದಲ ಮತ್ತು ಕೊನೆಯ ಎಂಟೆಂಟು ಬರ್ತ್‌ಗಳು ಶೌಚಾಲಯದ ಪಕ್ಕದವು. ರಾತ್ರಿಯಿಡೀ ಬಾಗಿಲ ಸದ್ದು, ವಾಸನೆ, ಓಡಾಡುವವರು, ಅದರ ಜೊತೆಗೆ ಅಡಿಯಲ್ಲೇ ಇರುವ ಗಾಲಿಗಳ ಅದುರು. 25ರಿಂದ 56ರೊಳಗಿನ ನಂಬರ್ ಸಿಕ್ಕರೆ ಅದೃಷ್ಟ. ನಂಬರನ್ನು ಆರಿಸಲು ಬುಕಿಂಗ್‌ನಲ್ಲಿ ಅವಕಾಶವಿಲ್ಲ, ಲೋಯರೋ ಅಪ್ಪರೋ ಎಂಬ ಆಯ್ಕೆ ಮಾತ್ರ ಉಂಟು.

ಎಲ್ಲರೂ ಲೋಯರ್ ಬೇಕೆನ್ನುತ್ತಾರೆ. ವಯಸ್ಸಾದವರು, ಗರ್ಭಿಣಿಯರು, ಮಂಡಿ ನೋವಿರುವವರಿಗೆ ಅದು ಬೇಕೇ ಬೇಕು. ಸ್ಲೀಪರ್ ಬೋಗಿಯಲ್ಲಿ ಹಿರಿಯರಿಗೆ ಮತ್ತು 45 ದಾಟಿದ ಮಹಿಳೆಯರಿಗೆ ಲೋಯರ್ ಕೋಟಾ ಕೂಡ ಇದೆ. ಆದರೆ ಗಟ್ಟಿಮುಟ್ಟಾಗಿದ್ದು ಒಬ್ಬರೇ ಹೊರಟವರಿಗೆ ಒಳಗಿನ ಅಪ್ಪರ್ ಬರ್ತೇ ವಾಸಿ. ಯಾರೂ ಬಂದು ಕಾಲ ಬಳಿ ಕೂರುವುದಿಲ್ಲ, ಕಿಟಕಿಯ ಕಾಟವಿಲ್ಲ, ಎಷ್ಟು ಹೊತ್ತಿಗೆ ಬೇಕಾದರೂ ಮಲಗಬಹುದು, ಬ್ಯಾಗು ತಲೆದೆಸೆಯಲ್ಲೇ ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಛಾವಣಿಯ ಕಾವು ನೇರ ಮೈಮೇಲೆ. ಸೈಡ್ ಬರ್ತ್‌ಗಳು ಉಳಿದವಕ್ಕಿಂತ ಗಿಡ್ಡ, ಎತ್ತರದ ಆಳು ಕಾಲು ಮಡಿಸಿಯೇ ಮಲಗಬೇಕು. ಸೈಡ್ ಲೋಯರ್ ಎರಡು ಸೀಟು ಜೋಡಿಸಿ ಮಾಡುವ ಹಾಸಿಗೆ. ನಡುವಿನ ಸಂದು ಸೊಂಟಕ್ಕೆ ಒತ್ತುತ್ತದೆ, ದಪ್ಪ ಚಾದರವನ್ನು ನಾಲ್ಕು ಮಡಿಕೆ ಮಾಡಿ ಅಲ್ಲಿ ಹಾಕಿ. ಮಕ್ಕಳನ್ನು ಅಪ್ಪರ್‌ನಲ್ಲಿ ಮಲಗಿಸಬೇಡಿ: ಅಂಚಿನಲ್ಲಿ ಬೀಳದಂತೆ ತಡೆಯುವಂಥದ್ದು ಹೆಚ್ಚೇನೂ ಇರುವುದಿಲ್ಲ. ಎಲ್‌ಎಚ್‌ಬಿ ಗಾಡಿಗಳು ಹೊರಡುವಾಗ, ನಿಲ್ಲುವಾಗ ಜೋರಾಗಿ ಜಗ್ಗುವುದೂ ಉಂಟು.

ಏನೇನು ಒಯ್ಯಬೇಕು

ಸ್ಲೀಪರ್‌ನಲ್ಲಿ ರೈಲ್ವೆ ಹಾಸಿಗೆ, ಹೊದಿಕೆ ಕೊಡುವುದಿಲ್ಲ. ಹಾಸಲು ಒಂದು ಹತ್ತಿ ಚಾದರ, ಹೊದೆಯಲು ಒಂದು, ಗಾಳಿ ತುಂಬುವ ದಿಂಬು. ಡಿಸೆಂಬರ್, ಜನವರಿಯಲ್ಲಿ ಬೆಳಗಾವಿ, ವಿಜಯಪುರದ ಕಡೆ ಹೋಗುವವರು ಉಣ್ಣೆ ಶಾಲು, ಕಿವಿ ಮುಚ್ಚುವ ಟೊಪ್ಪಿಗೆ, ಕಾಲುಚೀಲ ಇಟ್ಟುಕೊಳ್ಳಿ. ಬೆಳಗಿನ ಜಾವ ಮೂರರ ಮೇಲೆ ಕಿಟಕಿಯ ಸಂದಿಯಿಂದ ಬರುವ ಗಾಳಿಗೆ ಒಂದು ಚಾದರ ಸಾಲದು. ಫ್ಯಾನಿನ ಸ್ವಿಚ್ ಎಲ್ಲಿದೆ ಎಂದು ಮಲಗುವ ಮುಂಚೆಯೇ ನೋಡಿಟ್ಟುಕೊಳ್ಳಿ.

ಇವನ್ನೆಲ್ಲ ಸೂಟ್‌ಕೇಸಿನ ತಳದಲ್ಲಿ ತುಂಬಬೇಡಿ. ಎರಡು ಬ್ಯಾಗು ಮಾಡಿ. ದೊಡ್ಡದು ಸೀಟಿನಡಿಗೆ, ರಾತ್ರಿಯಿಡೀ ಅದನ್ನು ಮುಟ್ಟುವ ಹಾಗಿರಬಾರದು. ಚಿಕ್ಕದು ನಿಮ್ಮೊಡನೆ ಬರ್ತ್‌ಗೆ: ಹೊದಿಕೆ, ನೀರು, ಮಾತ್ರೆ, ಟಾರ್ಚು, ಗುರುತಿನ ಚೀಟಿ, ಪವರ್ ಬ್ಯಾಂಕು. ಸ್ಲೀಪರ್ ಟಿಕೆಟ್ಟಿಗೆ 40 ಕಿಲೋ ಸಾಮಾನು ಉಚಿತವಾದರೂ ಸೀಟಿನಡಿಯ ಜಾಗವನ್ನು ಮೂವರು ಹಂಚಿಕೊಳ್ಳಬೇಕು. ಗಾಡಿ ಹೊರಡುವ ಅರ್ಧ ಗಂಟೆ ಮುಂಚೆ ಬಂದವರಿಗೆ ಜಾಗ, ಕೊನೆಗೆ ಬಂದವರಿಗೆ ಓಡಾಡುವ ದಾರಿ.

ಊಟಕ್ಕೆ ಚಪಾತಿ, ರೊಟ್ಟಿ, ಶೇಂಗಾ ಚಟ್ನಿಪುಡಿ, ಪುಳಿಯೋಗರೆಯಂಥ ಒಣ ಪದಾರ್ಥ ಒಳ್ಳೆಯದು. ಮೊಸರನ್ನವೇ ಬೇಕೆನ್ನುವವರು ಬಿಸಿ ಅನ್ನವನ್ನು ಹಾಲು ಹಾಕಿ ಕಿವುಚಿ, ಆರಿದ ಮೇಲೆ ಒಂದೇ ಚಮಚ ಮೊಸರು ಸೇರಿಸಿ. ಬೇಸಿಗೆಯಲ್ಲೂ ರಾತ್ರಿ ಒಂಬತ್ತಕ್ಕೆ ಹುಳಿ ಬಂದಿರುವುದಿಲ್ಲ. ಈರುಳ್ಳಿ, ಮೀನು, ಮೊಟ್ಟೆಯ ಘಮ ಎಂಟು ಜನರ ಆ ಜಾಗದಲ್ಲಿ ಬೆಳಗಿನ ತನಕ ನಿಲ್ಲುತ್ತದೆ, ಯೋಚಿಸಿ. ರೈಲ್ವೆಯದೇ ಬಾಟಲಿ ನೀರಾದ ರೈಲ್ ನೀರ್ ಲೀಟರಿಗೆ 2025ರ ಸೆಪ್ಟೆಂಬರ್‌ನಿಂದ 14 ರೂಪಾಯಿ. ಹೊರಗೆ ಮಾರುವ ಬಾಟಲಿ ಕೊಂಡರೆ ಮುಚ್ಚಳದ ಸೀಲು ನೋಡಿಕೊಳ್ಳಿ.

ಹತ್ತಿದ ಮೇಲೆ

ಮೊದಲ ಕೆಲಸ ಚೈನು, ಬೀಗ. ಲೋಯರ್ ಬರ್ತಿನಡಿ, ಗೋಡೆಯ ಕಡೆಗೆ ಕಬ್ಬಿಣದ ಕೊಂಡಿಗಳಿರುತ್ತವೆ. ಮೊಬೈಲ್ ಬೆಳಕು ಬಿಟ್ಟು ನೋಡಿದರೆ ಕಾಣುತ್ತವೆ. ಚೈನನ್ನು ಬ್ಯಾಗಿನ ಹಿಡಿಯೊಳಗಿಂದ ತೂರಿಸಿ ಕೊಂಡಿಗೆ ಬಿಗಿಯಿರಿ. ಎರಡು ಬ್ಯಾಗಿದ್ದರೆ ಎರಡಕ್ಕೂ ಒಂದೇ ಚೈನು ಸಾಕು. ಜಿಪ್ಪಿನ ಎರಡು ತುದಿ ಸೇರಿಸಿ ಇನ್ನೊಂದು ಪುಟ್ಟ ಬೀಗ. ಚೈನು ಕಡಿಯಲಾಗದ್ದೇನಲ್ಲ. ಆದರೆ ಗಾಡಿ ಎರಡು ನಿಮಿಷ ನಿಲ್ಲುವ ಸ್ಟೇಷನ್ನಿನಲ್ಲಿ ಎತ್ತಿಕೊಂಡು ಇಳಿಯುವವನಿಗೆ ಕಡಿಯುವಷ್ಟು ಹೊತ್ತಿರುವುದಿಲ್ಲ, ಅವನು ಕಟ್ಟದ ಬ್ಯಾಗನ್ನು ಹುಡುಕುತ್ತಾನೆ. ಬುಕ್ ಮಾಡದೆ ಜೊತೆಗೆ ಒಯ್ದ ಸಾಮಾನು ಕಳುವಾದರೆ ಅದು ರೈಲ್ವೆಯ ಸೇವಾಲೋಪವಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಜೂನ್‌ನಲ್ಲಿ ಹೇಳಿದೆ. ಪ್ರಯಾಣಿಕರೊಬ್ಬರು ಸೊಂಟದ ಪಟ್ಟಿಯಲ್ಲಿ ಕಟ್ಟಿಕೊಂಡಿದ್ದ ಒಂದು ಲಕ್ಷ ರೂಪಾಯಿಯ ಪ್ರಕರಣ ಅದು. ಹಣ, ಒಡವೆಯ ಕಾವಲು ನಿಮ್ಮದೇ.

ಆಮೇಲೆ ಮಿಡಲ್ ಬರ್ತ್. ಇದನ್ನು ಅವಸರದಲ್ಲಿ ಹಾಕಬೇಡಿ. ಹಗಲು ಬೆನ್ನಿಗೆ ಆನಿಸುವ ಹಲಗೆಯೇ ರಾತ್ರಿ ಮೇಲೆ ಎತ್ತಿದಾಗ ಬರ್ತ್ ಆಗುತ್ತದೆ. ಹೊರ ಅಂಚಿನ ಎರಡೂ ತುದಿಯನ್ನು ಅಪ್ಪರ್ ಬರ್ತ್‌ನಿಂದ ಇಳಿಬಿದ್ದ ಸರಪಳಿಗಳಿಗೆ ಸಿಕ್ಕಿಸಬೇಕು. ಒಬ್ಬರು ಎತ್ತಿ ಹಿಡಿದರೆ ಇನ್ನೊಬ್ಬರು ಸಿಕ್ಕಿಸುವುದು ಸುಲಭ. ಕೊಕ್ಕೆ ಪೂರ್ತಿ ಒಳಗೆ ಕೂತಿದೆಯೇ, ಬರೀ ತುದಿಯಲ್ಲಿ ನಿಂತಿದೆಯೇ ಎಂದು ಬೆರಳಿಟ್ಟು ನೋಡಿ. ನಂತರ ಎರಡೂ ಅಂಗೈಯೂರಿ ಮೊದಲು ಈ ತುದಿ, ಆಮೇಲೆ ಆ ತುದಿ ಮೈಭಾರ ಹಾಕಿ ಒತ್ತಿ. ಕಟಕ್ಕೆಂದು ಸ್ವಲ್ಪ ಜಾರಿದರೆ ಬಿಚ್ಚಿ ಮತ್ತೆ ಹಾಕಿ. ಒತ್ತುವಾಗ ಕೆಳಗೆ ಯಾರೂ ಕೂತಿರಬಾರದು. ಕೇರಳದಿಂದ ದೆಹಲಿಗೆ ಹೊರಟಿದ್ದ ಗಾಡಿಯಲ್ಲಿ 2024ರ ಜೂನ್‌ನಲ್ಲಿ ಮೇಲಿನ ಬರ್ತ್ ಬಿದ್ದು ಕೆಳಗೆ ಮಲಗಿದ್ದವರು ತೀರಿಕೊಂಡರು. ಸರಪಳಿ ಸರಿಯಾಗಿ ಸಿಕ್ಕಿಸಿರಲಿಲ್ಲ ಎಂದು ರೈಲ್ವೆ ಹೇಳಿತು. ಕೊಕ್ಕೆ ಸವೆದಿದ್ದರೆ, ಬೋಲ್ಟು ಸಡಿಲವಿದ್ದರೆ ಟಿಟಿಗೆ ತೋರಿಸಿ, ರೈಲ್ವೆ ಸಹಾಯವಾಣಿ 139ಕ್ಕೂ ಹೇಳಿ, ಆ ಬರ್ತ್ ಎತ್ತಲೇಬೇಡಿ.

10 ಗಂಟೆಗೆ ಮಿಡಲ್‌ನವರು ಮಲಗುತ್ತೇನೆಂದರೆ ಲೋಯರ್‌ನವರು ಬೇಡ ಎನ್ನುವಂತಿಲ್ಲ. 6ರ ಮೇಲೆ ಮಿಡಲ್‌ನವರು ಇಳಿಸುವುದಿಲ್ಲ ಎನ್ನುವಂತಿಲ್ಲ. ರಾತ್ರಿ ಸೈಡ್ ಅಪ್ಪರ್‌ನವರಿಗೆ ಸೈಡ್ ಲೋಯರ್‌ನಲ್ಲಿ ಕೂರುವ ಹಕ್ಕಿಲ್ಲ. ಎಂಟೂವರೆಗೇ ನಿದ್ದೆ ಬಂದವರು ನಿಯಮ ಹೇಳದೆ, ‘ಅಣ್ಣಾರೆ, ಸ್ವಲ್ಪ ಬೇಗ ಹಾಕೋಣ್ವಾ’ ಎಂದು ಕೇಳಿದರೆ ಕೆಲಸ ಆಗುತ್ತದೆ.

ಕಿಟಕಿಗೆ ಎರಡು ಶಟರ್: ಒಂದು ಗಾಜಿನದು, ಇನ್ನೊಂದು ಪಟ್ಟಿಪಟ್ಟಿಯ ಲೋಹದ್ದು. ಸೆಕೆಯಿದ್ದರೆ ಲೋಹದ್ದನ್ನು ಮಾತ್ರ ಇಳಿಸಿ, ಗಾಳಿಯೂ ಬರುತ್ತದೆ, ಹೊರಗಿನ ಕೈಯೂ ಒಳಗೆ ಬರುವುದಿಲ್ಲ. ಸಿಗ್ನಲ್ಲಿಗೆ ಸ್ಟೇಷನ್ನಿನ ಹೊರಗೆ, ಔಟರ್‌ನಲ್ಲಿ ನಿಂತಾಗ, ಸ್ಟೇಷನ್ನಿನಿಂದ ಗಾಡಿ ಮೆಲ್ಲಗೆ ಕದಲುವಾಗ ಸರ, ಮೊಬೈಲು ಹೋಗುವುದು ಈ ಕಿಟಕಿಯಿಂದಲೇ. ಶಟರಿನ ಎರಡು ಬದಿಯ ಚಿಲಕವನ್ನು ಒಟ್ಟಿಗೆ ಒತ್ತಿ ಕೈಯಾಸರೆಯಲ್ಲೇ ಇಳಿಸಿ. ಬಿಟ್ಟರೆ ಬೆರಳ ಮೇಲೆ ಬೀಳುತ್ತದೆ. ಚಿಲಕ ಕೆಟ್ಟು ಶಟರ್ ನಿಲ್ಲದಿದ್ದರೆ ತಲೆಯನ್ನು ದಾರಿಯ ಕಡೆ ಹಾಕಿ, ಕಾಲನ್ನು ಕಿಟಕಿಗೆ. ಮಾಂಗಲ್ಯದ ಸರ ಹಾಕಿಕೊಂಡವರು ಅದನ್ನು ರವಿಕೆಯೊಳಗೆ ಸೇರಿಸಿ ಪಿನ್ನು ಹಾಕಿಕೊಳ್ಳುವುದು ಲೇಸು.

ಅನೇಕ ಗಾಡಿಗಳಲ್ಲಿ ಬೆಂಕಿಯ ಭಯಕ್ಕೆ ರಾತ್ರಿ 11ರಿಂದ 5ರವರೆಗೆ ಚಾರ್ಜಿಂಗ್ ಪಾಯಿಂಟಿನ ಕರೆಂಟು ತೆಗೆಯುತ್ತಾರೆ. ಮೊಬೈಲನ್ನು ಅದಕ್ಕೆ ಮುಂಚೆ ತುಂಬಿಸಿ, ಚುಚ್ಚಿ ಬಿಟ್ಟು ಮಲಗಬೇಡಿ. ಮೊಬೈಲು, ಹಣ, ಕಾರ್ಡು ಮೈಗೆ ಅಂಟಿರುವ ಒಳಜೇಬಿನಲ್ಲಿರಲಿ. ದಿಂಬಿನಡಿ ಇಟ್ಟದ್ದು ಹೊರಳಿದಾಗ ಹೊರಗೆ ಬರುತ್ತದೆ. ಚಪ್ಪಲಿಯನ್ನು ಕವರಿನಲ್ಲಿ ಸುತ್ತಿ ಸೀಟಿನಡಿ ಒಳಕ್ಕೆ ತಳ್ಳಿ ಅಥವಾ ಬರ್ತಿಗೇ ಒಯ್ಯಿರಿ. ರೈಲಿನಲ್ಲಿ ಅತಿ ಸುಲಭವಾಗಿ ಕಾಣೆಯಾಗುವ ವಸ್ತು ಅದು.

ರಾತ್ರಿ ನಡುವೆ

ಗುರುತಿಲ್ಲದವರು ಕೊಟ್ಟ ಬಿಸ್ಕತ್ತು, ಚಹಾ, ಪ್ರಸಾದ ತಿನ್ನಬೇಡಿ. ಮತ್ತಿನ ಔಷಧ ಬೆರೆಸಿ ದೋಚುವವರು ಗಂಟೆಗಟ್ಟಲೆ ಚೆನ್ನಾಗಿಯೇ ಮಾತಾಡಿಸಿರುತ್ತಾರೆ. ‘ಹೊಟ್ಟೆ ಸರಿಯಿಲ್ಲ, ಬೇಡಪ್ಪ’ ಎಂದರೆ ಯಾರಿಗೂ ನೋವಾಗುವುದಿಲ್ಲ.

ಶೌಚಾಲಯಕ್ಕೆ ಹೋಗುವಾಗ ಚಿಕ್ಕ ಬ್ಯಾಗು ಹೆಗಲಿಗೆ. ಬೋಗಿಯ ಬಾಗಿಲು ತೆರೆದಿದ್ದರೆ ಹಿಡಿಕೆ ಹಿಡಿದೇ ದಾಟಿ, ಸಾಧ್ಯವಾದರೆ ಮುಚ್ಚಿ ಚಿಲಕ ಹಾಕಿ. ಈಗಿನವು ಬಯೋ ಟಾಯ್ಲೆಟ್. ಬಾಟಲಿ, ಗುಟ್ಕಾ ಚೀಟಿ, ಪ್ಯಾಡು, ಡೈಪರ್ ಹಾಕಿದರೆ ಕಟ್ಟಿಕೊಂಡು ಬೆಳಿಗ್ಗೆ ಇಡೀ ಬೋಗಿಗೆ ಒಂದು ಕಡಿಮೆಯಾಗುತ್ತದೆ.

ಒಬ್ಬರೇ ಹೊರಟ ಮಹಿಳೆಯರು ಗಾಡಿ ಹತ್ತಿದ ಕೂಡಲೇ ಅಕ್ಕಪಕ್ಕದಲ್ಲಿ ಕುಟುಂಬ ಯಾವುದಿದೆ ನೋಡಿ ಎರಡು ಮಾತಾಡಿಟ್ಟುಕೊಳ್ಳಿ. ಸುತ್ತಲಿನವರು ಕಿರಿಕಿರಿ ಎನಿಸಿದರೆ ವಾದ ಬೇಡ, ಟಿಟಿಗೆ ಹೇಳಿ ಬರ್ತ್ ಬದಲಿಸಿಕೊಳ್ಳಿ, ಅಥವಾ 139ಕ್ಕೆ ಕರೆ ಮಾಡಿ. ತುರ್ತು ಭದ್ರತೆ, ವೈದ್ಯರು ಎರಡಕ್ಕೂ ಅದೇ ನಂಬರ್. ಪಿಎನ್‌ಆರ್, ಬೋಗಿ, ಬರ್ತ್ ನಂಬರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದರೆ ಗಾಬರಿಯಲ್ಲಿ ಹುಡುಕಬೇಕಿಲ್ಲ. ಮಾತಾಡಲಾಗದ ಸ್ಥಿತಿಯಲ್ಲಿ ರೈಲ್ ಮದದ್ ಆ್ಯಪಿನಲ್ಲಿ ಬರೆದರೂ ಆಯಿತು. ಒಬ್ಬರೇ ಪ್ರಯಾಣಿಸುವ ಮಹಿಳೆಯರನ್ನು ವಿಚಾರಿಸಿಕೊಳ್ಳಲು ರೈಲ್ವೆ ರಕ್ಷಣಾ ಪಡೆಯ ‘ಮೇರಿ ಸಹೇಲಿ’ ತಂಡಗಳು 2020ರಿಂದ ಇವೆ. ಇನ್ನೊಂದು ತಿಳಿದಿರಲಿ: ಟಿಕೆಟ್ಟಿನ ತಕರಾರು ಏನೇ ಇದ್ದರೂ, ಜೊತೆಗೆ ಗಂಡಸಿಲ್ಲದ ಮಹಿಳೆ ಅಥವಾ ಮಗುವನ್ನು ರಾತ್ರಿ ಹೊತ್ತು ಗಾಡಿಯಿಂದ ಇಳಿಸುವಂತಿಲ್ಲ. 1989ರ ರೈಲ್ವೆ ಕಾಯ್ದೆಯ 139ನೇ ಕಲಮು ಹಾಗೆನ್ನುತ್ತದೆ.

ಕಳವಾಗಿದ್ದು ಗೊತ್ತಾದರೆ ಪ್ರಯಾಣ ನಿಲ್ಲಿಸಿ ಇಳಿಯಬೇಕಿಲ್ಲ. ಟಿಟಿ, ಗಾರ್ಡ್ ಅಥವಾ ಬೆಂಗಾವಲಿನ ಪೊಲೀಸರ ಬಳಿ ಎಫ್‌ಐಆರ್ ಫಾರಂ ಇರುತ್ತದೆ. ತುಂಬಿ ಕೊಟ್ಟರೆ ಮುಂದಿನ ರೈಲ್ವೆ ಪೊಲೀಸ್ ಠಾಣೆಗೆ ಸೇರುತ್ತದೆ. ಕೊನೆಯ ಸಲ ಬ್ಯಾಗು ನೋಡಿದ್ದು ಯಾವ ಸ್ಟೇಷನ್ನಿನ ಹತ್ತಿರ ಎಂಬುದು ಅವರಿಗೆ ಎಲ್ಲಕ್ಕಿಂತ ಮುಖ್ಯ. ಮೊಬೈಲ್ ಹೋಗಿದ್ದರೆ ಪಕ್ಕದವರ ಫೋನಿನಿಂದ ಮೊದಲು ಸಿಮ್, ಬ್ಯಾಂಕ್ ಕಾರ್ಡು ಬಂದ್ ಮಾಡಿಸಿ. ಸಾಮಾನಿಗಾಗಿ ಗಾಡಿ ನಿಲ್ಲಿಸುವ ಚೈನು ಎಳೆಯುವುದು ಕೊನೆಯ ದಾರಿ. ಸರಿಯಾದ ಕಾರಣವಿಲ್ಲದೆ ಎಳೆದರೆ ಸಾವಿರ ರೂಪಾಯಿವರೆಗೆ ದಂಡ ಅಥವಾ ವರ್ಷದವರೆಗೆ ಜೈಲು.

ಇಳಿಯುವುದು

ಕೊನೆಯ ಸ್ಟೇಷನ್ನಿನಲ್ಲಿ ಇಳಿಯುವವರಿಗೆ ಚಿಂತೆಯಿಲ್ಲ. ಬೆಳಗಿನ ಜಾವ 3.40ಕ್ಕೆ ಎರಡು ನಿಮಿಷ ನಿಲ್ಲುವ ಊರಿನವರಿಗೆ ಎರಡು ಅಲಾರಂ ಬೇಕು: ವೇಳಾಪಟ್ಟಿಗಿಂತ 40 ನಿಮಿಷ ಮೊದಲು ಒಂದು, 20 ನಿಮಿಷ ಮೊದಲು ಒಂದು. ಗಾಡಿ ತಡವಾಗಿದ್ದರೆ ಅಲಾರಂ ಸುಳ್ಳಾಗುತ್ತದೆ, ಅದಕ್ಕೇ ಮೊಬೈಲ್ ಟವರ್ ಹಿಡಿದು ಗಾಡಿ ಎಲ್ಲಿದೆ ತೋರಿಸುವ ಆ್ಯಪ್ ಒಂದಿರಲಿ. ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಆದರೆ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 57 ಸುರಂಗ, ಸಿಗ್ನಲ್ಲೇ ಸಿಗದ ಜಾಗ ಬಹಳ. ಅಲ್ಲಿ ಗಡಿಯಾರವನ್ನೂ ನೋಡುತ್ತಿರಿ.

ಹತ್ತು ನಿಮಿಷ ಇರುವಾಗ ಚೈನು ಬಿಚ್ಚಿ, ಬರ್ತು, ಕಿಟಕಿಯಂಚು, ಚಾರ್ಜರಿನ ಜಾಗ ಟಾರ್ಚಿನಲ್ಲಿ ನೋಡಿ ಬಾಗಿಲ ಬಳಿ ಹೋಗಿ, ಪ್ಲಾಟ್‌ಫಾರ್ಮ್ ಯಾವ ಕಡೆ ಎಂದು ಗಮನಿಸಿ. ಔಟರ್‌ನಲ್ಲಿ ನಿಂತ ಗಾಡಿಯಿಂದ ‘ಇಲ್ಲೇ ಹತ್ತಿರ’ ಎಂದು ಕತ್ತಲಲ್ಲಿ ಹಾರಿ ಇಳಿಯಬೇಡಿ. ಕೆಳಗೆ ಜಲ್ಲಿ, ಪಕ್ಕದ ಹಳಿಯಲ್ಲಿ ಇನ್ನೊಂದು ಗಾಡಿ ಬರುತ್ತಿರಬಹುದು. ಹೊರಗೆ ಆಟೋ, ಬಸ್ಸು ಇಲ್ಲದ ಹೊತ್ತಾದರೆ ಇಳಿದ ಟಿಕೆಟ್ ತೋರಿಸಿ ವೇಟಿಂಗ್ ರೂಮಿನಲ್ಲಿ ಬೆಳಕಾಗುವವರೆಗೆ ಕೂರಬಹುದು. ಟಿಕೆಟ್ಟಿನ ಮೆಸೇಜನ್ನು ಅಲ್ಲಿಯವರೆಗೆ ಅಳಿಸಬೇಡಿ.