ಕ್ರಯಪತ್ರದೊಳಗೆ ಅಡಗಿದ ಸಾಲ: ಒಂದು ದಾವಾ ನಡೆಸಿದ ನನ್ನ ಅನುಭವ

ತಾಲ್ಲೂಕು ನ್ಯಾಯಾಲಯದಲ್ಲಿ ಸಿವಿಲ್ ದಾವಾಗಳನ್ನು ನಡೆಸುವ ನನ್ನ ಬಳಿಗೆ ಒಂದು ಬಗೆಯ ತಕರಾರು ಮತ್ತೆ ಮತ್ತೆ ಬರುತ್ತದೆ. ರೈತರು ಸಾಲ ಪಡೆಯುತ್ತಾರೆ. ಸಾಲ ಕೊಟ್ಟವನು ಆಧಾರಪತ್ರದ (ಅಡಮಾನ ಪತ್ರದ) ಬದಲು ಶುದ್ಧ ಕ್ರಯಪತ್ರವನ್ನೇ ನೋಂದಣಿ ಮಾಡಿಸಿಕೊಳ್ಳುತ್ತಾನೆ. ಹಣ ತೀರಿದ ದಿನ ಜಮೀನನ್ನು ವಾಪಸು ಬರೆದುಕೊಡುವ ಮಾತು ಬಾಯಲ್ಲಿ, ಇಲ್ಲವೇ ಬೇರೊಂದು ಛಾಪಾ ಕಾಗದದಲ್ಲಿ ಉಳಿಯುತ್ತದೆ. ಭೂಮಿಯ ಬೆಲೆ ಏರಿದ ಮೇಲೆ ಆ ಮಾತು ನಿಲ್ಲುವುದಿಲ್ಲ.

ನಾನು ಇಲ್ಲಿ ಹೇಳುತ್ತಿರುವ ದಾವಾದ ವಾದಿ ಒಬ್ಬ ವಿಧವೆ. ಎರಡು ಎಕರೆ ಅಡಿಕೆ ತೋಟದ ಮೇಲೆ ಅವರು ಪಡೆದ ಸಾಲ ನಾಲ್ಕು ಲಕ್ಷ ರೂಪಾಯಿ. “ದುಡ್ಡು ಕೊಡ್ತೀನಿ ಅಂದ್ರೂ ತಗೊಳ್ತಿಲ್ಲ ಸ್ವಾಮಿ, ತೋಟ ಬಿಡು ಅಂತಾನೆ” ಎಂದರು. ಅವರು ತಂದಿದ್ದ ಕಾಗದಗಳಲ್ಲಿ ನಾನು ಮೊದಲು ನೋಡಿದ್ದು ವಾಪಸು ಬರೆದುಕೊಡುವ ಷರತ್ತು ಎಲ್ಲಿದೆ ಎಂಬುದನ್ನು. ಸ್ವತ್ತು ವರ್ಗಾವಣೆ ಅಧಿನಿಯಮದ 58(ಸಿ) ಕಲಮಿಗೆ 1929ರಲ್ಲಿ ಸೇರಿದ ಪರಂತುಕದ (ನಿಯಮಕ್ಕೆ ಮಿತಿ ಹಾಕುವ ಉಪವಾಕ್ಯದ) ಪ್ರಕಾರ, ಆ ಷರತ್ತು ಕ್ರಯಪತ್ರದೊಳಗೇ ಇರದಿದ್ದರೆ ವ್ಯವಹಾರವನ್ನು ಷರತ್ತಿನ ಕ್ರಯದ ಮೂಲಕ ಮಾಡಿದ ಅಡಮಾನವೆಂದು ಪರಿಗಣಿಸುವಂತಿಲ್ಲ. 1954ರ ಚುಂಚುನ್ ಝಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ವಿವರಿಸಿದೆ. ನಮ್ಮ ಷರತ್ತು ನೋಂದಣಿಯಾಗದ ಬೇರೆ ಕರಾರಿನಲ್ಲಿತ್ತು. ಹಾಗಾಗಿ ಅಡಮಾನ ಬಿಡಿಸಿಕೊಳ್ಳಲು ಸಿಗುವ 30 ವರ್ಷಗಳ ಕಾಲಾವಧಿ ನಮಗೆ ದಕ್ಕಲಿಲ್ಲ. ಪತ್ರ ರದ್ದತಿಗಿರುವ ಮೂರು ವರ್ಷದೊಳಗೇ ದಾವಾ ಹೂಡಬೇಕಾಯಿತು.

ಉಳಿದ ದಾರಿಯೆಂದರೆ ಸಾಕ್ಷ್ಯ ಅಧಿನಿಯಮದ 92ನೇ ಕಲಮು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 95ನೇ ಕಲಮಾಗಿದೆ. ಬರಹದಲ್ಲಿರುವ ಷರತ್ತನ್ನು ಬಾಯಿಮಾತಿನ ಸಾಕ್ಷ್ಯದಿಂದ ಬದಲಿಸಲು ಬರುವುದಿಲ್ಲ, ನಿಜ. ಆದರೆ ಆ ಪತ್ರದಂತೆ ನಡೆದುಕೊಳ್ಳುವ ಉದ್ದೇಶವೇ ಉಭಯರಿಗೂ ಇರಲಿಲ್ಲ, ಅದು ನಾಮಮಾತ್ರದ ಪತ್ರ ಎಂದು ತೋರಿಸಲು ಆ ಕಲಮು ಅಡ್ಡಬರುವುದಿಲ್ಲ ಎಂದು ಗಂಗಾಬಾಯಿ ವಿರುದ್ಧ ಛಬ್ಬೂಬಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದನ್ನೇ ಆಧರಿಸಿ, ಕ್ರಯಪತ್ರವು ಸಾಲದ ಭದ್ರತೆಗಾಗಿ ಮಾತ್ರ ಬರೆದದ್ದೆಂದು ಘೋಷಿಸಿ ರದ್ದುಪಡಿಸಬೇಕೆಂದೂ, ಪರ್ಯಾಯವಾಗಿ ಮರುಕ್ರಯದ ಕರಾರನ್ನು ಜಾರಿಗೊಳಿಸಬೇಕೆಂದೂ ಕೇಳಿದೆ. ತೋಟ ಮೂರನೆಯವರ ಕೈಗೆ ದಾಟಿದರೆ ತೊಡಕು ಹೆಚ್ಚುವುದರಿಂದ, ಪರಭಾರೆ ಮಾಡದಂತೆ ತಾತ್ಕಾಲಿಕ ಪ್ರತಿಬಂಧಕಾಜ್ಞೆಗೆ ಅರ್ಜಿಯನ್ನೂ ದಾವಾದ ಜೊತೆಗೇ ಹಾಕಿದೆ.

ಇಂಥ ದಾವಾ ಗೆಲ್ಲುವುದು ವಾದದಿಂದಲ್ಲ, ಸಣ್ಣ ಸಣ್ಣ ಕಾಗದಗಳಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ. ಜಮೀನಿನ ಮಾಲೀಕರ ಹೆಸರು ಬರುವ ಪಹಣಿಯ 9ನೇ ಕಾಲಂನಲ್ಲಿ ಆಗಲೇ ಪ್ರತಿವಾದಿಯ ಹೆಸರು ಬಂದಿತ್ತು. ಅವರ ವಕೀಲರು ಅದನ್ನೇ ಮುಂದೊಡ್ಡಿದರು. ಖಾತೆ ಬದಲಾದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲವಾದರೂ, ಬರೀ ಅಷ್ಟು ಹೇಳಿ ಕುಳಿತರೆ ಸಾಲದು. ಕೊಳವೆಬಾವಿಯ ಮೋಟಾರಿನ ಆರ್‌.ಆರ್‌. ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ವಾದಿಯ ಗಂಡನ ಹೆಸರಿನಲ್ಲೇ ಮುಂದುವರಿದಿತ್ತು. ಕ್ರಯದ ನಂತರವೂ ಅಡಿಕೆ ಮಂಡಿಯ ಪಟ್ಟಿಗಳು ವಾದಿಯ ಹೆಸರಿಗೇ ಬಂದಿದ್ದವು. ಕ್ರಯಪತ್ರದಲ್ಲಿ ಬೆಲೆ ನಾಲ್ಕು ಲಕ್ಷ ಎಂದಿದ್ದರೂ ಮುದ್ರಾಂಕ ಶುಲ್ಕವನ್ನು ಅದಕ್ಕಿಂತ ಬಹಳ ಹೆಚ್ಚಿನ, ಸರ್ಕಾರ ನಿಗದಿಪಡಿಸಿದ ಮಾರ್ಗಸೂಚಿ ಬೆಲೆಯ ಮೇಲೆ ಕಟ್ಟಿದ್ದರು. ಬೆಲೆಯ ಅಂತರಕ್ಕೆ ಆ ಪತ್ರವೇ ಸಾಕ್ಷಿಯಾಯಿತು. ಎಲ್ಲಕ್ಕಿಂತ ತೂಕದ್ದು ಬ್ಯಾಂಕಿನ ಪಾಸ್‌ಬುಕ್: ಕ್ರಯವಾದ ಮರು ತಿಂಗಳಿಂದ ವಾದಿಯ ಮಗನ ಖಾತೆಯಿಂದ ಪ್ರತಿವಾದಿಯ ಖಾತೆಗೆ ತಿಂಗಳಿಗೆ ಎಂಟು ಸಾವಿರ ರೂಪಾಯಿ ಹೋಗಿತ್ತು. ನಾಲ್ಕು ಲಕ್ಷಕ್ಕೆ ನೂರಕ್ಕೆ ಎರಡರಂತೆ ಲೆಕ್ಕ ಹಾಕಿದರೆ ಬರುವ ತಿಂಗಳ ಬಡ್ಡಿ ಅಷ್ಟೇ.

ಪಾಟಿ ಸವಾಲಿನಲ್ಲಿ ಮೊದಲು ತೋಟದ ಚಕ್ಕುಬಂದಿ ಕೇಳಿದೆ. ಪೂರ್ವಕ್ಕೆ ಯಾರ ಜಮೀನಿದೆ ಎಂಬುದನ್ನೂ ಪ್ರತಿವಾದಿ ಹೇಳಲಿಲ್ಲ. ಎಂಟು ಸಾವಿರದ ಬಗ್ಗೆ ಕೇಳಿದಾಗ, ತೋಟವನ್ನು ಅವರಿಗೇ ಗುತ್ತಿಗೆಗೆ ಬಿಟ್ಟಿದ್ದೆ, ಅದು ಗುತ್ತಿಗೆ ಹಣ ಎಂದರು. ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ಕರ್ನಾಟಕ ಭೂಸುಧಾರಣಾ ಅಧಿನಿಯಮದ 5ನೇ ಕಲಮು ನಿಷೇಧಿಸಿದೆ. ಗುತ್ತಿಗೆಯ ಕರಾರಾಗಲಿ, ತಮ್ಮ ಲಿಖಿತ ಹೇಳಿಕೆಯಲ್ಲಿ ಅದರ ಪ್ರಸ್ತಾಪವಾಗಲಿ ಇಲ್ಲವೆಂಬುದನ್ನು ಅವರೇ ಒಪ್ಪಿಕೊಳ್ಳಬೇಕಾಯಿತು. ಸ್ವಾಧೀನ ವಾದಿಯದೇ ಎಂಬುದೂ ಅದೇ ಉತ್ತರದಿಂದ ಸಾಬೀತಾಯಿತು.

ನ್ಯಾಯಾಲಯ ಕ್ರಯಪತ್ರವನ್ನು ರದ್ದುಪಡಿಸಿತು. ಆದರೆ ನಿರ್ದಿಷ್ಟ ಪರಿಹಾರ ಅಧಿನಿಯಮದ 33ನೇ ಕಲಮಿನಂತೆ, ಪಡೆದ ಅಸಲನ್ನು ವಾದಿ ಠೇವಣಿ ಇಡಬೇಕೆಂದೂ ಆದೇಶಿಸಿತು. ಇದು ನ್ಯಾಯವೇ, ಸಾಲ ಪಡೆದದ್ದನ್ನು ನಾವು ಎಂದೂ ಅಲ್ಲಗಳೆದಿರಲಿಲ್ಲ, ಠೇವಣಿಗೆ ಸಿದ್ಧವೆಂದು ದಾವಾಪತ್ರದಲ್ಲೇ ಬರೆದಿದ್ದೆವು. ಹಣ ಕಟ್ಟಿದ ಮೇಲೆ, ಅದೇ ಅಧಿನಿಯಮದ 31(2)ನೇ ಕಲಮಿನಡಿ ಡಿಕ್ರಿಯ ಪ್ರತಿ ಉಪನೋಂದಣಿ ಕಚೇರಿಗೆ ಹೋಗಿ ರದ್ದತಿ ದಾಖಲಾಗುವಂತೆ ನೋಡಿಕೊಂಡೆ. ಋಣಭಾರ ಪತ್ರದಲ್ಲಿ ಆ ನಮೂದು ಬಂದ ನಂತರವೇ ಖಾತೆ ಬದಲಾವಣೆಗೆ ತಾಲ್ಲೂಕು ಕಚೇರಿಗೆ ಅರ್ಜಿ ಕೊಡಿಸಿದೆ.