ನಮ್ಮ ಬೀದಿಯಲ್ಲಿ ಎರಡನೇ ಏಟು ಬೀಳದ ಹಾಗೆ ನೋಡಿಕೊಳ್ಳುವುದು ಹೇಗೆ

ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಬ್ಲೌಸ್ ಅಳತೆ ಕೊಡಲು ಬಂದವರು ಮನೆ ಸುದ್ದಿಯನ್ನೂ ಹೇಳಿಕೊಳ್ಳುತ್ತಾರೆ. ಯಾವ ಹುಡುಗನಿಗೆ ಯಾರನ್ನು ಕಂಡರೆ ಆಗುವುದಿಲ್ಲ ಅನ್ನೋದು ನನಗೆ ಪೊಲೀಸರಿಗಿಂತ ಮೊದಲೇ ತಿಳಿದಿರುತ್ತದೆ. ನಿಮಗೂ ತಿಳಿದಿರುತ್ತದೆ. ಹಾಲಿನ ಬೂತಿನವರಿಗೆ, ಆಟೋ ಸ್ಟ್ಯಾಂಡಿನವರಿಗೆ, ಕಟಿಂಗ್ ಶಾಪಿನವರಿಗೆ, ಎಲ್ಲರಿಗೂ. ಊರ ಉಸಾಬರಿ ನಮಗ್ಯಾಕೆ ಅಂತ ಸುಮ್ಮನಿರುತ್ತೇವೆ, ಅಷ್ಟೇ.

ಮೊದಲ ಏಟು ತಡೆಯೋದು ಕಷ್ಟ. ಗುರಾಯಿಸಿದ, ಗಾಡಿ ತಾಗಿಸಿದ, ಗಣಪತಿ ಚಂದಾ ಲೆಕ್ಕ ಕೇಳಿದ ಅಂತ ಕಪಾಳಕ್ಕೆ ಬಿದ್ದಾಗಿರುತ್ತದೆ. ಆದರೆ ನಾನು ಕಂಡ ಹಾಗೆ, ದೊಡ್ಡ ಅನಾಹುತ ಆಗೋದು ಅದಕ್ಕೆ ಸೇಡು ತೀರಿಸಿಕೊಳ್ಳಲು ಹೊರಟಾಗ. ನಡುವೆ ಕೆಲವು ಗಂಟೆ ಸಿಗುತ್ತದೆ. ನಾವು ಕೆಲಸ ಮಾಡಬೇಕಾದ್ದು ಆಗಲೇ.

ಇದನ್ನು ಅಮೆರಿಕದ ಶಿಕಾಗೊದಲ್ಲಿ ಒಂದು ಪದ್ಧತಿಯಾಗಿಯೇ ಮಾಡಿದ್ದಾರೆ. ಗ್ಯಾರಿ ಸ್ಲಟ್ಕಿನ್ ಅನ್ನುವ ಡಾಕ್ಟರ್ ಆಫ್ರಿಕಾದಲ್ಲಿ ಕಾಲರಾ, ಕ್ಷಯದಂಥ ರೋಗ ತಡೆಯುವ ಕೆಲಸ ಮಾಡಿ ಬಂದವರು. ಹಿಂಸೆಯೂ ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ ಅನ್ನೋದು ಅವರ ವಾದ. 2000ದಲ್ಲಿ ಅಲ್ಲಿನ ಒಂದು ಬಡಾವಣೆಯಲ್ಲಿ ಕೆಲಸ ಶುರು ಮಾಡಿದರು. ಅದೇ ಏರಿಯಾದವರನ್ನು, ಹಿಂದೆ ಗ್ಯಾಂಗ್‌ಗಳಲ್ಲಿ ಇದ್ದು ಬಿಟ್ಟವರನ್ನೂ ಸೇರಿಸಿಕೊಂಡು ತರಬೇತಿ ಕೊಟ್ಟರು. ಯಾರಿಗಾದರೂ ಗುಂಡು ಬಿದ್ದರೆ ಅವರು ಗಾಯಗೊಂಡವನ ಗೆಳೆಯರನ್ನು ಹುಡುಕಿಕೊಂಡು ಹೋಗಿ ಸೇಡಿನ ಮಾತನ್ನು ತಣ್ಣಗೆ ಮಾಡುತ್ತಾರೆ. ಅಲ್ಲಿ ಬಂದೂಕು, ಇಲ್ಲಿ ಮಚ್ಚು, ವಿಕೆಟ್ಟು.

ನಮ್ಮಲ್ಲಿ ಹೇಗೆ ಮಾಡೋದು? ಒಬ್ಬ ಹುಡುಗ ಜಿಲ್ಲಾಸ್ಪತ್ರೆಯಲ್ಲಿ ತಲೆಗೆ ಹೊಲಿಗೆ ಹಾಕಿಸಿಕೊಂಡು ಬಂದಿದ್ದಾನೆ ಅಂದುಕೊಳ್ಳಿ. ಮನೆ ಮುಂದೆ ನಾಲ್ಕೈದು ಬೈಕು ನಿಂತಿವೆ, ಎಂಜಿನ್ ಆಫ್ ಮಾಡಿಲ್ಲ. ಕೂಗಾಡುವವನನ್ನು ಸದ್ಯಕ್ಕೆ ಬಿಡಿ. ಮಾತಾಡದೆ ಫೋನ್ ನೋಡುತ್ತಾ "ಎಲ್ಲಿದಾನಂತೆ?" ಅಂತ ಕೇಳುತ್ತಿರುವವನೇ ಮುಖ್ಯ. ಅವನನ್ನು ಹೆಸರು ಹಿಡಿದು ಕರೆದು, ಗುಂಪಿನಿಂದ ಈಚೆಗೆ ಕರೆದುಕೊಂಡು ಬನ್ನಿ. ಎಲ್ಲರ ಮುಂದೆ ಬುದ್ಧಿ ಹೇಳಿದರೆ ಅವನು ಸೋಲೋದಿಲ್ಲ, ಇನ್ನೂ ಜಾಸ್ತಿ ಹಟಕ್ಕೆ ಬೀಳುತ್ತಾನೆ.

"ಊಟ ಆಯ್ತೇನೋ?" ಅಂತ ಶುರು ಮಾಡಿ. ತಪ್ಪು ಯಾರದು ಅಂತ ಕೇಳಬೇಡಿ. ಅವನು ಹೇಳೋದನ್ನೆಲ್ಲ ಹೇಳಿ ಮುಗಿಸಲಿ, ಬೈಗುಳ ಬಂದರೂ ನಡುವೆ ಬಾಯಿ ಹಾಕಬೇಡಿ. ಆಮೇಲೆ ನಾನು ಹೇಳುವ ಮಾತು ಇಷ್ಟೇ: "ನಿಂಗೆ ಸಿಟ್ಟು ಬರೋದು ಸರಿನೇ ಮಗಾ. ಬೆಳಿಗ್ಗೆ ಹತ್ತು ಗಂಟೆಗೆ ಹೊಡೆದೋನ ಅಮ್ಮನ ಹತ್ರ ನಾನೇ ಹೋಗ್ತೀನಿ. ಇದೊಂದು ರಾತ್ರಿ ನನಗೋಸ್ಕರ ಬಿಡು." ಇದರಿಂದ ಅವನಿಗೆ ಒಂದು ದಾರಿ ಸಿಗುತ್ತದೆ. ಗೆಳೆಯರ ಮುಂದೆ ಹೆದರಿ ವಾಪಸ್ ಬಂದೆ ಅನ್ನಬೇಕಿಲ್ಲ, "ಅಕ್ಕ ಬೇಡ ಅಂದ್ರು" ಅಂದರೆ ಸಾಕು. ಆ ವಯಸ್ಸಿನಲ್ಲಿ ಮಾನದ್ದೇ ದೊಡ್ಡ ಪ್ರಶ್ನೆ ಅಲ್ವಾ? ಬೆಳಿಗ್ಗೆ ಹತ್ತಕ್ಕೆ ಹೋಗಲೇಬೇಕು. ಹೋಗದಿದ್ದರೆ ಮುಂದಿನ ಸಲ ನಿಮ್ಮ ಮಾತು ನಡೆಯೋದಿಲ್ಲ.

ಮಲಗುವ ಮೊದಲು ಇನ್ನೊಂದು ಕೆಲಸವಿದೆ. ಏಟಿನ ವಿಡಿಯೋ ಯಾರ ಸ್ಟೇಟಸ್‌ನಲ್ಲಿದ್ದರೂ ತೆಗೆಸಿ. ಆದರೆ ಫೋನಿನಲ್ಲಿರುವ ಮೂಲ ವಿಡಿಯೋ ಅಳಿಸಲು ಹೇಳಬೇಡಿ, ಕೇಸಾದರೆ ಬೇಕಾಗುತ್ತದೆ.

ಕೈಯಲ್ಲಿ ಮಚ್ಚು ಕಂಡರೆ ಮಧ್ಯೆ ಹೋಗಬೇಡಿ. ದೂರ ನಿಂತು 112ಕ್ಕೆ ಫೋನ್ ಮಾಡಿ, ಹತ್ತಿರದ ಗುರುತು ಹೇಳಿ.

ಮನೆಯೊಳಗಿನ ಏಟಿನ ವಿಷಯ ಬೇರೆ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅನ್ನುತ್ತಾರೆ. ಮುನಿಸಿಗೆ ಆ ಮಾತು ಸರಿ, ಏಟಿಗೆ ಖಂಡಿತ ಅಲ್ಲ. ಪಕ್ಕದ ಮನೆಯಿಂದ ಕೂಗು ಕೇಳಿದರೆ ಇಬ್ಬರು ಜೊತೆಯಾಗಿ ಹೋಗಿ ಬೆಲ್ ಮಾಡಿ, ಏಣಿ ಬೇಕಿತ್ತು ಅನ್ನಿ, ನೀರು ಬಂತಾ ಅನ್ನಿ. 2008ರಲ್ಲಿ "ಬೆಲ್ ಬಜಾವೋ" ಅಂತ ಇದನ್ನೇ ಹೇಳುವ ಅಭಿಯಾನ ನಡೆದಿತ್ತು. ಬಾಗಿಲು ತೆಗೆಯಲು ಬಂದವನ ಕೈ ಅಷ್ಟು ಹೊತ್ತಾದರೂ ತಡೆಯುತ್ತದೆ. ಆ ಹೆಣ್ಣುಮಗಳು ಒಬ್ಬಳೇ ಸಿಕ್ಕಾಗ ಮಹಿಳಾ ಸಹಾಯವಾಣಿಯ 181 ನಂಬರ್ ಬಾಯಿಪಾಠ ಮಾಡಿಸಿ, ಚೀಟಿ ಕೊಡಬೇಡಿ, ಅವನ ಕೈಗೆ ಸಿಕ್ಕೀತು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಪ್ರಕಾರ ಅಕ್ಕಪಕ್ಕದವರೂ ಸಂರಕ್ಷಣಾಧಿಕಾರಿಗೆ, ಅಂದರೆ ಇಂಥ ದೂರು ನೋಡಿಕೊಳ್ಳಲು ಸರ್ಕಾರ ನೇಮಿಸಿದ ಅಧಿಕಾರಿಗೆ, ಮಾಹಿತಿ ಕೊಡಬಹುದು. ಒಳ್ಳೆಯ ಉದ್ದೇಶದಿಂದ ಕೊಟ್ಟವರ ಮೇಲೆ ಕೇಸು ಹಾಕುವಂತಿಲ್ಲ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಎಲ್ಲವನ್ನೂ ರಾಜಿ ಪಂಚಾಯ್ತಿಗೆ ತರಬೇಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ 2012ರ ಪೋಕ್ಸೊ ಕಾಯ್ದೆಯಲ್ಲಿ ಶಿಕ್ಷೆ ಇದೆ. ಮಕ್ಕಳ ಸಹಾಯವಾಣಿ 1098. ಮರ್ಯಾದೆ ಹೋಗುತ್ತೆ ಅಂತ ದೊಡ್ಡವರು ಒತ್ತಾಯ ಮಾಡಿದರೂ ಬಗ್ಗಬೇಡಿ.

ರಾಜಿ ಆದ ಮೇಲೂ ಆ ಹುಡುಗರನ್ನು ಬಿಡಬೇಡಿ. ಮಾರನೇ ವಾರ ಇಬ್ಬರ ಮನೆಗೂ ಹೋಗಿ ಬನ್ನಿ. ಕೆಲಸವಿಲ್ಲದೆ ಕೂತಿದ್ದರೆ ವಸಂತನರಸಾಪುರದ ಫ್ಯಾಕ್ಟರಿಗೆ ಹೋಗುವ ಯಾರಾದರೂ ನಿಮ್ಮ ಬೀದಿಯಲ್ಲೇ ಇರುತ್ತಾರೆ. ಹುಡುಗನನ್ನು ಅವರ ಮನೆಗೆ ನೀವೇ ಕರೆದುಕೊಂಡು ಹೋಗಿ, ಆಧಾರ್ ಮತ್ತು ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಜೊತೆಗಿರಲಿ.