ಟ್ಯಾಂಕಿನ ನೀರು ಅಳೆಯಲು ಹೋಗಿ ಎಲೆಕ್ಟ್ರಾನಿಕ್ಸ್ ಕಲಿತದ್ದು

ವರ್ಷಗಟ್ಟಲೆ ಸರ್ವರ್‌ಗಳಿಗೆ ಪ್ರೋಗ್ರಾಂ ಬರೆದವನಿಗೆ ಒಂದು ಎಲ್‌ಇಡಿ ಬೆಳಗಿಸುವುದು ಯಾವ ಮಹಾ ಕೆಲಸ ಎಂಬ ಉಡಾಫೆಯಿಂದಲೇ ನಾನು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಆರ್ಡುಯಿನೊ ಯುನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಬೆಸುಗೆಯಿಲ್ಲದೆ ಭಾಗಗಳನ್ನು ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡು, ಜಂಪರ್ ವೈರುಗಳು ಮತ್ತು ವಿದ್ಯುತ್ ಹರಿವಿಗೆ ತಡೆಯೊಡ್ಡುವ ಒಂದು ಹಿಡಿ ರೆಸಿಸ್ಟರುಗಳನ್ನು ಕೊಂಡು ತಂದೆ. ಮಹಡಿಯ ಟ್ಯಾಂಕು ತುಂಬಿದೊಡನೆ ಸಂಪಿನ ಮೋಟಾರು ತಾನಾಗಿಯೇ ನಿಲ್ಲಬೇಕೆಂಬುದು ನನ್ನ ಉದ್ದೇಶವಾಗಿತ್ತು.

ಮೊದಲ ಪೆಟ್ಟು ಬಿದ್ದದ್ದು ಮೆಮೊರಿಯಲ್ಲಿ. ಯುನೊದ ಎಟಿಮೆಗಾ 328ಪಿ ಚಿಪ್ಪಿನಲ್ಲಿ ಪ್ರೋಗ್ರಾಮಿಗೆ 32 ಕೆಬಿ ಜಾಗವಿದೆ, ಆದರೆ ರ‍್ಯಾಮ್ ಇರುವುದು 2 ಕೆಬಿ ಮಾತ್ರ. ರೂಢಿಯಂತೆ ಹೆಜ್ಜೆಹೆಜ್ಜೆಗೂ ಉದ್ದುದ್ದ ಲಾಗ್ ಸಂದೇಶಗಳನ್ನು ಬರೆದಿದ್ದೆ. ಅವೆಲ್ಲವೂ ರ‍್ಯಾಮಿಗೆ ನಕಲಾಗಿ, ಬೋರ್ಡು ಯಾವ ದೋಷವನ್ನೂ ತಿಳಿಸದೆ ಅಸಂಬದ್ಧವಾಗಿ ವರ್ತಿಸತೊಡಗಿತು. ಅನಂತರ ಬಟನ್ನಿನ ಸರದಿ. ತಂತಿಯ ಬಳಿ ಕೈ ತಂದರೆ ಸಾಕು, ಒತ್ತದಿದ್ದರೂ ಒತ್ತಿದಂತೆ ತೋರಿಸುತ್ತಿತ್ತು. ಯಾವುದಕ್ಕೂ ಜೋಡಿಸದ ಇನ್‌ಪುಟ್ ಪಿನ್ ಸೊನ್ನೆಯೂ ಅಲ್ಲ, ಒಂದೂ ಅಲ್ಲ ಎಂಬುದು, ಸೊನ್ನೆ ಮತ್ತು ಒಂದರಲ್ಲೇ ಬದುಕಿದ ನನಗೆ ನಿಜಕ್ಕೂ ಹೊಸದು. ಪಿನ್ನನ್ನು ಒಂದರ ಸ್ಥಿತಿಯಲ್ಲಿ ಹಿಡಿದಿಡುವ, ಚಿಪ್ಪಿನೊಳಗಿನ ಪುಲ್-ಅಪ್ ರೆಸಿಸ್ಟರನ್ನು ಚಾಲನೆ ಮಾಡಿದ ಮೇಲೆ ಅದು ಸರಿಹೋಯಿತು.

ವೈಫೈ ಬೇಕೆನಿಸಿ ಇಎಸ್‌ಪಿ 8266 ಎಂಬ ವೈಫೈ ಇರುವ ಬೋರ್ಡಿಗೆ ಬದಲಾಯಿಸಿದಾಗ, ಶಬ್ದದ ಪ್ರತಿಧ್ವನಿಯಿಂದ ನೀರಿನವರೆಗಿನ ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್ ಸೆನ್ಸರಿನ 5 ವೋಲ್ಟ್ ಸಂಕೇತವನ್ನು 3.3 ವೋಲ್ಟಿನ ಪಿನ್ನಿಗೆ ನೇರವಾಗಿ ಕೊಡಬಾರದೆಂದು ತಿಳಿದು, 1 ಮತ್ತು 2 ಕಿಲೋ ಓಮ್‌ಗಳ ಎರಡು ರೆಸಿಸ್ಟರುಗಳಿಂದ ವೋಲ್ಟೇಜನ್ನು ಇಳಿಸಿದೆ. ಪ್ರತಿಧ್ವನಿ ಮರಳುವ ಕಾಲವನ್ನು ಮೈಕ್ರೋಸೆಕೆಂಡಿನಲ್ಲಿ ಅಳೆದು 58ರಿಂದ ಭಾಗಿಸಿದರೆ ದೂರ ಸೆಂಟಿಮೀಟರಿನಲ್ಲಿ ದೊರೆಯುತ್ತದೆ. ಇಷ್ಟು ಸುಲಭವಾಗಿತ್ತು.

ನಿಜವಾದ ಕಾಟ ಶುರುವಾದದ್ದು ಮೋಟಾರು ಜೋಡಿಸಿದ ಮೇಲೆ. 230 ವೋಲ್ಟಿನ ಕೆಲಸಕ್ಕೆ ನಾನು ಕೈಹಾಕಲಿಲ್ಲ. ಎಲೆಕ್ಟ್ರಿಷಿಯನ್ ಒಬ್ಬರು ಮೋಟಾರಿನ ವಿದ್ಯುತ್ತನ್ನು ಹಾಕಿ ಕಡಿಯುವ ದೊಡ್ಡ ಸ್ವಿಚ್ಚಾದ ಕಾಂಟ್ಯಾಕ್ಟರ್ ಕೂರಿಸಿಕೊಟ್ಟರು, ಬೋರ್ಡಿನ ಸಂಕೇತಕ್ಕೆ ಕೆಲಸ ಮಾಡುವ ಚಿಕ್ಕ ಸ್ವಿಚ್ಚಾದ ನನ್ನ ರಿಲೇ ಅದರ ಕಾಯಿಲನ್ನು, ಅಂದರೆ ಅದನ್ನು ಎಳೆಯುವ ತಂತಿಸುರುಳಿಯನ್ನು ಮಾತ್ರ ನಡೆಸುತ್ತಿತ್ತು. ಟ್ಯಾಂಕು ತುಂಬಿ ಮೋಟಾರು ನಿಂತ ಕ್ಷಣವೇ ಬೋರ್ಡು ರೀಸೆಟ್ ಆಗುತ್ತಿತ್ತು. ನನ್ನ ಪ್ರೋಗ್ರಾಂ 'ತುಂಬಿಸುತ್ತಿದೆ' ಎಂಬ ಸ್ಥಿತಿಯಿಂದಲೇ ಆರಂಭವಾಗುತ್ತಿದ್ದುದರಿಂದ ಮೋಟಾರು ಮತ್ತೆ ಹೊರಟು, ಕೆಲವು ಸೆಕೆಂಡುಗಳಲ್ಲಿ ನಿಂತು, ಬೋರ್ಡು ಮತ್ತೆ ರೀಸೆಟ್ ಆಗುತ್ತಿತ್ತು. ಎರಡು ವಾರಾಂತ್ಯ ಕೋಡಿನಲ್ಲೇ ತಪ್ಪು ಹುಡುಕಿದೆ. ಮಲ್ಟಿಮೀಟರ್ ಹಿಡಿದರೆ 5 ವೋಲ್ಟ್ ಸ್ಥಿರವಾಗಿಯೇ ಇತ್ತು, ಏಕೆಂದರೆ ಕ್ಷಣಮಾತ್ರದ ಏರಿಳಿತವನ್ನು ಹಿಡಿಯುವಷ್ಟು ವೇಗ ಅದಕ್ಕಿಲ್ಲ.

ಕೊನೆಗೆ ನೆರವಾದದ್ದು ಪ್ರೋಗ್ರಾಮರನ ಹಳೆಯ ಅಭ್ಯಾಸವೇ, ಅಂದರೆ ಅರ್ಧರ್ಧ ಭಾಗ ಕಳಚಿ ನೋಡುವುದು. ಕಾಂಟ್ಯಾಕ್ಟರ್ ತೆಗೆದು ರಿಲೇಯನ್ನಷ್ಟೇ ಐವತ್ತು ಸಲ ಬಡಿಸಿದೆ. ಒಮ್ಮೆಯೂ ರೀಸೆಟ್ ಆಗಲಿಲ್ಲ. ಮೋಟಾರಿನ ತಂತಿ ಬಿಚ್ಚಿಸಿ ಕಾಂಟ್ಯಾಕ್ಟರನ್ನು ಮಾತ್ರ ಉಳಿಸಿದಾಗ ಮತ್ತೆ ಅದೇ ಕಥೆ. ಬೀದಿಯ ಟಿವಿ ರಿಪೇರಿಯವರಿಗೆ ಇದನ್ನು ವಿವರಿಸುತ್ತಿದ್ದಂತೆ ಅವರು ತಲೆ ಎತ್ತದೆ, "ಕಾಯಿಲಿಗೆ ಸ್ನಬ್ಬರ್ ಹಾಕಿದ್ದೀರಾ ಸಾರ್?" ಎಂದು ಕೇಳಿದರು. ಸ್ನಬ್ಬರ್ ಎಂದರೆ ವೋಲ್ಟೇಜಿನ ಹಠಾತ್ ಜಿಗಿತವನ್ನು ಹೀರಿಕೊಳ್ಳುವ ಜೋಡಣೆ. ವಿದ್ಯುತ್ ಕಡಿದಾಗ ಕಾಯಿಲು ಹೊಮ್ಮಿಸುವ ಎತ್ತರದ ವೋಲ್ಟೇಜೇ ಕಿಡಿಯಾಗಿ, ವಿದ್ಯುತ್ ಗದ್ದಲವಾಗಿ ನನ್ನ ಬೋರ್ಡನ್ನು ಕೆಡವುತ್ತಿತ್ತು. ಅವರು ಹೇಳಿದಂತೆ 100 ಓಮ್ ರೆಸಿಸ್ಟರನ್ನೂ 0.1 ಮೈಕ್ರೋಫ್ಯಾರಡಿನ ಎಕ್ಸ್2 (ಮನೆಯ ವಿದ್ಯುತ್ತಿಗೆ ತಕ್ಕ ಸುರಕ್ಷಿತ ಬಗೆಯ) ಕೆಪ್ಯಾಸಿಟರನ್ನೂ ಸರಣಿಯಲ್ಲಿ ಸೇರಿಸಿ ಎಲೆಕ್ಟ್ರಿಷಿಯನ್ನರಿಂದಲೇ ಕಾಯಿಲಿಗೆ ಅಡ್ಡಲಾಗಿ ಹಾಕಿಸಿದೆ. ರಿಲೇಗೆ ಬೇರೆ ಅಡಾಪ್ಟರ್ ಕೊಟ್ಟೆ. ರೀಸೆಟ್ ನಿಂತಿತು. ಪ್ರೋಗ್ರಾಂ ಕೂಡ ಈಗ ಮೊದಲು ಮಟ್ಟ ಅಳೆದು, ಆಮೇಲಷ್ಟೇ ಮೋಟಾರಿನ ವಿಚಾರ ಮಾಡುತ್ತದೆ.

ಕೆಲವು ತಿಂಗಳಲ್ಲಿ ಟ್ಯಾಂಕಿನ ಆವಿಗೆ ಸೆನ್ಸರ್ ತುಕ್ಕು ಹಿಡಿಯಿತು. ಅದರ ಜಾಗಕ್ಕೆ ತಂದ ಜಲನಿರೋಧಕ ಸೆನ್ಸರ್ 20 ಸೆಂಟಿಮೀಟರಿಗಿಂತ ಹತ್ತಿರದ ನೀರನ್ನು ಸರಿಯಾಗಿ ಗುರುತಿಸದ ಕಾರಣ, ನೀರು ಸೆನ್ಸರಿಗಿಂತ 30 ಸೆಂಟಿಮೀಟರ್ ಕೆಳಗಿರುವಾಗಲೇ ಮೋಟಾರು ನಿಲ್ಲುವಂತೆ ಮಿತಿಯನ್ನು ಇಳಿಸಿದ್ದೇನೆ. ಟ್ಯಾಂಕಿನ ಮೇಲ್ಭಾಗ ಸದಾ ಖಾಲಿಯಿರುತ್ತದೆಂಬ ಅಮ್ಮನ ಆಕ್ಷೇಪ ಮಾತ್ರ ಇನ್ನೂ ನಿಂತಿಲ್ಲ.